ಜಗತ್ತು: ಒಂದು ಶಬ್ದದ ಜಿಜ್ಞಾಸೆ

ವಿಶ್ವವನ್ನು ಹೆಸರಿಸುವುದಕ್ಕೆ ಕನ್ನಡದಲ್ಲಿ ಶಬ್ದಗಳ ಬಡತನವಿಲ್ಲ. ಲೋಕ, ಭುವನ, ವಿಶ್ವ, ಬ್ರಹ್ಮಾಂಡ, ಪ್ರಪಂಚ, ಜಗತ್ತು ಇವೆಲ್ಲವೂ ಸಂಸ್ಕೃತದಿಂದ ಬಂದು, ಬಂದವೆಂಬುದೇ ಮರೆತುಹೋಗುವಷ್ಟು ಮನೆಯವಾಗಿ ನಿಂತ ಶಬ್ದಗಳು. ಮೇಲ್ನೋಟಕ್ಕೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಬಹುದೆಂದು ತೋರುತ್ತದೆ. ಪದ್ಯದ ಪ್ರಾಸಕ್ಕೂ ಭಾಷಣದ ಓಘಕ್ಕೂ ಹಾಗೆ ಇರಿಸುವುದೂ ಉಂಟು. ಆದರೆ ಪ್ರತಿಯೊಂದು ಶಬ್ದವೂ ಒಂದೊಂದು ದೃಷ್ಟಿಯನ್ನು ಹೊತ್ತೇ ಹುಟ್ಟಿದೆ. ನೋಡುವುದೆಂಬ ಅರ್ಥದ ‘ಲೋಕ್’ ಧಾತುವಿನಿಂದ ಲೋಕವನ್ನು ಸಾಧಿಸುವವರಿಗೆ ಅದು ಕಣ್ಣಿಗೆ ಬಿದ್ದದ್ದು; ವೇದದ ಹಳೆಯ ಪ್ರಯೋಗಗಳಲ್ಲಿ ಅದು ತೆರೆದ ಬಯಲು, ಅಡ್ಡಿಯಿಲ್ಲದ ಎಡೆ. ‘ಭೂ’ ಧಾತುವಿನಿಂದ ಬಂದ ಭುವನವು ಆದದ್ದು, ಇರುವುದು. ವಿಶ್ವವೆಂದರೆ ಮೊದಲಿಗೆ ಬರಿಯ ‘ಎಲ್ಲ’. ಪಾಣಿನಿಯ ಸರ್ವನಾಮಗಣದಲ್ಲಿ ಅದು ‘ಸರ್ವ’ದ ಮಗ್ಗುಲಲ್ಲಿಯೇ ಕುಳಿತಿದೆ. ಬ್ರಹ್ಮಾಂಡವಂತೂ ಒಂದು ಮೊಟ್ಟೆ. ಒಂದು ವರ್ಷಕಾಲ ಬಿದ್ದಿದ್ದ ಮೊಟ್ಟೆ ಒಡೆದು, ಬೆಳ್ಳಿಯ ಹೋಳು ಭೂಮಿಯೂ ಚಿನ್ನದ ಹೋಳು ಆಕಾಶವೂ ಆಯಿತೆಂದು ಛಾಂದೋಗ್ಯೋಪನಿಷತ್ತು ಹೇಳುತ್ತದೆ. ಇಷ್ಟು ಭವ್ಯವಾದ ಶಬ್ದವು ಇಂದಿನ ಆಡುಮಾತಿನಲ್ಲಿ ದೊಡ್ಡ ಸುಳ್ಳಿಗೂ ದೊಡ್ಡ ಲಂಚಕ್ಕೂ ವಿಶೇಷಣವಾಗಿ ಬಳಕೆಯಾಗುತ್ತಿರುವುದನ್ನು ಕಂಡರೆ, ಶಬ್ದಗಳಿಗೂ ಗ್ರಹಚಾರವುಂಟೆಂದು ಒಪ್ಪಬೇಕಾಗುತ್ತದೆ.

ಪ್ರಪಂಚದ ಗ್ರಹಚಾರವು ಇನ್ನೂ ವಿಚಿತ್ರ. ಊರು ಬಿಟ್ಟು ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರು ಇದನ್ನು ಪ್ರತ್ಯಕ್ಷವಾಗಿ ಬಲ್ಲರು. ಕನ್ನಡದ ಪ್ರಪಂಚವು ಹೈದರಾಬಾದಿನ ತೆಲುಗರ ಬಾಯಲ್ಲಿಯೂ ಪ್ರಪಂಚವಾಗಿಯೇ ಉಳಿಯುತ್ತದೆ. ಚೆನ್ನೈಯಲ್ಲಿ ಅದು ಗ್ರಹತಾರೆಗಳನ್ನೆಲ್ಲ ಒಳಗೊಂಡ ಮಹಾವಿಸ್ತಾರ. ಮುಂಬಯಿ ಪುಣೆಗಳ ಮರಾಠಿಯಲ್ಲಿ ಅದೇ ಶಬ್ದ ಹೆಂಡತಿ ಮಕ್ಕಳು, ಅಕ್ಕಿ ಬೇಳೆ, ಮನೆಯ ಲೆಕ್ಕಾಚಾರ. ದಿಲ್ಲಿಯ ಹಿಂದಿಯಲ್ಲಿ ಅದು ಕಪಟ, ಕಾರಸ್ಥಾನ. ಒಂದೇ ಶಬ್ದ ನಾಲ್ಕು ಊರುಗಳಲ್ಲಿ ಸುತ್ತಿ ವಿಶ್ವದಿಂದ ಅಡುಗೆಮನೆಗೂ ಅಲ್ಲಿಂದ ಮೋಸಕ್ಕೂ ಇಳಿದಿದೆ. ಹರಡಿಕೊಂಡದ್ದು, ವಿಸ್ತಾರವಾದದ್ದು ಎಂಬುದೇ ಅದರ ಮೂಲಾರ್ಥವಾದ್ದರಿಂದ ಈ ಇಳಿತವೂ ಒಂದು ಬಗೆಯ ಹರಡಿಕೆಯೇ ಎನ್ನಬಹುದು. ಉಡುಪಿಯ ಮಧ್ವಾಚಾರ್ಯರು ಈ ಶಬ್ದದಲ್ಲಿ ‘ಪಂಚ’ವನ್ನು ಕೇಳಿಸಿಕೊಂಡರು. ಈಶ್ವರನಿಗೂ ಜೀವನಿಗೂ, ಈಶ್ವರನಿಗೂ ಜಡಕ್ಕೂ, ಜೀವಜೀವರಿಗೂ, ಜೀವನಿಗೂ ಜಡಕ್ಕೂ, ಜಡಜಡಗಳಿಗೂ ಇರುವ ಐದು ಬಗೆಯ ಭೇದವು ಪ್ರಕೃಷ್ಟವಾಗಿರುವುದರಿಂದಲೇ ಇದು ಪ್ರಪಂಚವೆಂಬುದು ಅವರ ನಿರ್ವಚನ. ವೈಯಾಕರಣರು ಇದನ್ನು ಒಪ್ಪುವರೋ ಇಲ್ಲವೋ, ಶಬ್ದವನ್ನು ಒಡೆದು ನೋಡುವುದೆಂದರೆ ತತ್ತ್ವವನ್ನೇ ಒಡೆದು ನೋಡುವುದೆಂಬ ವಿಶ್ವಾಸವು ಅದರಲ್ಲಿದೆ.

ಈ ಎಲ್ಲ ಹೆಸರುಗಳಿರುವಾಗ, ನವರಾತ್ರಿಯ ಒಂಬತ್ತು ದಿನ ಪೂಜೆಗೊಳ್ಳುವ ತಾಯಿಯನ್ನು ಕರೆಯಲು ಭಕ್ತರ ನಾಲಿಗೆಗೆ ಮೊದಲು ಬರುವ ಶಬ್ದ ‘ಜಗತ್’ ಎಂಬುದು ಗಮನಾರ್ಹ. ಜಗದಂಬೆ, ಜಗನ್ಮಾತೆ, ಜಗಜ್ಜನನಿ, ಜಗದೀಶ್ವರಿ ಎಂದು ಕರೆಯುವವರು ಆ ಶಬ್ದದ ಹುಟ್ಟನ್ನು ನೆನೆಯುವುದು ಅಪರೂಪ. ನೆನೆದರೆ ಒಂದು ಕಠಿಣವಾದ ಪ್ರಶ್ನೆ ಎದುರಾಗುತ್ತದೆ.

‘ಜಗತ್’ ಎಂಬುದು ‘ಗಮ್’ ಧಾತುವಿನಿಂದ ಬಂದದ್ದು. ಗಮ್ ಎಂದರೆ ಹೋಗು. ಆ ಧಾತುವಿಗೆ ಕ್ವಿಪ್ ಎಂಬ ಪ್ರತ್ಯಯ ಬಂದಾಗ ಧಾತುವು ಇಮ್ಮಡಿಯಾಗಬೇಕೆಂದು ವಾರ್ತಿಕಕಾರನ ವಿಧಿ. ಇಮ್ಮಡಿಯಾದ ಗಕಾರಗಳಲ್ಲಿ ಮೊದಲನೆಯದು ಜಕಾರವಾಗುತ್ತದೆ. ಕೊನೆಯ ಮಕಾರ ಲೋಪವಾಗುತ್ತದೆ. ಆ ಎಡೆಗೆ ಒಂದು ತಕಾರ ಬಂದು ನಿಲ್ಲುತ್ತದೆ. ಇಷ್ಟನ್ನೆಲ್ಲ ಮಾಡಿಸಿದ ಕ್ವಿಪ್ ಪ್ರತ್ಯಯವಾದರೋ ತನ್ನದೊಂದು ಅಕ್ಷರವನ್ನೂ ಉಳಿಸದೆ ಮರೆಯಾಗುತ್ತದೆ. ಸೃಷ್ಟಿಯನ್ನು ನಡೆಸಿ ತಾನು ಕಾಣಿಸಿಕೊಳ್ಳದವನ ನೆನಪನ್ನು ತರುವ ಈ ಪ್ರತ್ಯಯವನ್ನು ಪಾಠಶಾಲೆಯ ಹುಡುಗರು ಮಾತ್ರ ಗಟ್ಟಿಮಾಡುತ್ತ ಬೈದುಕೊಳ್ಳುವುದುಂಟು. ಇದೇ ವಿಧಿಯಿಂದ ಹೊಳೆಯುವುದೆಂಬ ಅರ್ಥದ ‘ದ್ಯುತ್’ ಧಾತು ಇಮ್ಮಡಿಯಾಗಿ ‘ದಿದ್ಯುತ್’ ಎಂದಾಗುತ್ತದೆ. ಕನ್ನಡದಲ್ಲಿಯೂ ಹೊಳೆಹೊಳೆಯುವುದು ಎನ್ನುತ್ತೇವೆ. ಹೋಗುತ್ತ ಹೋಗುತ್ತ, ಬರುಬರುತ್ತ ಎನ್ನುತ್ತೇವೆ. ಒಮ್ಮೆ ಆಡಿದರೆ ಸಾಲದ ಕ್ರಿಯೆಯನ್ನು ಎರಡು ಸಲ ಆಡಿ ತೋರಿಸುವುದು ಭಾಷೆಯ ಸಹಜಗುಣ. ಹೋಗುತ್ತ ಹೋಗುತ್ತಲೇ ಇರುವಂಥದು ಜಗತ್ತು.

ಈ ಧಾತುವಿನ ಬಂಧುಬಳಗ ದೊಡ್ಡದು. ಭಾಷಾಶಾಸ್ತ್ರಜ್ಞರು ಇಂಗ್ಲಿಷಿನ ‘ಕಮ್’ ಎಂಬ ಕ್ರಿಯಾಪದವೂ ಇದರ ದಾಯಾದಿಯೆಂದು ನಿಶ್ಚಯಿಸಿದ್ದಾರೆ. ಅಲ್ಲಿ ಬರುವುದು, ಇಲ್ಲಿ ಹೋಗುವುದು. ಧಾರವಾಡದ ನಿಲ್ದಾಣದಲ್ಲಿ ಹೋದವನೆನಿಸಿಕೊಂಡವನು ಮುಂಬಯಿಯ ನಿಲ್ದಾಣದಲ್ಲಿ ಬಂದವನೆನಿಸಿಕೊಳ್ಳುತ್ತಾನಾದ್ದರಿಂದ ಇದರಲ್ಲಿ ಆಶ್ಚರ್ಯಪಡಬೇಕಾದುದಿಲ್ಲ.

ಋಗ್ವೇದದ ಕಾಲಕ್ಕೆ ಹೋದರೆ ಮತ್ತೊಂದು ಸಂಗತಿ ತಿಳಿಯುತ್ತದೆ. ಅಲ್ಲಿ ಜಗತ್ ಎಂದರೆ ಇಡೀ ವಿಶ್ವವಲ್ಲ. ಅದರ ಒಂದು ಪಾಲು ಮಾತ್ರ. ಚಲಿಸುವ ಜೀವರಾಶಿ, ನಡೆದಾಡುವ ಜನ, ದನಕರು ಇಷ್ಟೇ ಜಗತ್. ಅದಕ್ಕೆ ಎದುರಾಗಿ ನಿಂತಿರುವುದು, ಕದಲದಿರುವುದು ಎಂಬ ಇನ್ನೊಂದು ಪಾಲುಂಟು. ಸೂರ್ಯನನ್ನು ಸ್ತುತಿಸುವ ಪ್ರಸಿದ್ಧ ಸೂಕ್ತವೊಂದರಲ್ಲಿ ಋಷಿಯು ಚಲಿಸುವುದಕ್ಕೂ ನಿಂತಿರುವುದಕ್ಕೂ ಅವನೇ ಆತ್ಮವೆನ್ನುತ್ತಾನೆ. ಜಗತ್ ಎಂದಷ್ಟೇ ಹೇಳಿದರೆ ಗಿಡಮರ ಬೆಟ್ಟಗಳು ಹೊರಗುಳಿಯುತ್ತಿದ್ದವು, ಆದ್ದರಿಂದ ಎರಡನ್ನೂ ಹೇಳಬೇಕಾಯಿತು. ಮುಂದೆ ಯಾವಾಗಲೋ ಈ ಎರಡನೆಯ ಶಬ್ದ ಹಿಂದೆ ಸರಿಯಿತು. ಚಲಿಸುವ ಪಾಲಿಗೆ ಇದ್ದ ಹೆಸರು ಬೆಟ್ಟಗುಡ್ಡಗಳನ್ನೂ ಸೇರಿಸಿ ಎಲ್ಲಕ್ಕೂ ಹೆಸರಾಯಿತು. ಶಬ್ದಾರ್ಥದ ವ್ಯಾಪ್ತಿ ಹಿಗ್ಗುವುದು ಎಲ್ಲ ಭಾಷೆಗಳಲ್ಲಿಯೂ ನಡೆಯುವ ಸಂಗತಿಯಾದರೂ, ಇಲ್ಲಿ ನಡೆದದ್ದು ಅಷ್ಟೇ ಅಲ್ಲ. ನಿಂತದ್ದೆಂದು ತೋರುವುದೂ ವಾಸ್ತವವಾಗಿ ನಿಂತಿಲ್ಲವೆಂಬ ತಿಳಿವು ಒಂದು ಜನಾಂಗದ ನಾಲಿಗೆಯ ಮೇಲೆ ಮೆಲ್ಲನೆ ನೆಲೆಗೊಂಡಿತು.

ಅಮರಕೋಶದ ಭೂಮಿವರ್ಗವನ್ನು ತೆರೆದವರಿಗೆ ಈ ತಿಳಿವಿನ ಎರಡು ಮುಖಗಳೂ ಕಾಣುತ್ತವೆ. ಅಲ್ಲಿ ಭೂಮಿಗೆ ‘ಅಚಲಾ’ ಎಂಬ ಹೆಸರುಂಟು, ‘ಸ್ಥಿರಾ’ ಎಂಬ ಹೆಸರುಂಟು. ಅದೇ ವರ್ಗದಲ್ಲಿ ತುಸು ಮುಂದೆ ‘ಜಗತೀ’ ಎಂಬ ಹೆಸರೂ ಉಂಟು. ಕದಲದವಳು ಮತ್ತು ಚಲಿಸುವವಳು ಇಬ್ಬರೂ ಒಬ್ಬಳೇ. ಇದನ್ನು ಹಿಡಿದುಕೊಂಡು, ಪೂರ್ವಿಕರು ಭೂಭ್ರಮಣವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವ ಉತ್ಸಾಹವು ಸಭೆಗಳಲ್ಲಿ ಆಗಾಗ ಕಾಣಿಸುತ್ತದೆ, ಅದು ಸಲ್ಲದು. ಭೂಮಿ ತಿರುಗುವುದನ್ನು ಹೇಳಬೇಕೆಂದಿದ್ದವನು ನೇರವಾಗಿಯೇ ಹೇಳಿದ್ದಾನೆ: ದೋಣಿಯಲ್ಲಿ ಸಾಗುವವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ತೋರುವುದನ್ನು ದೃಷ್ಟಾಂತವಾಗಿ ಕೊಟ್ಟ ಆರ್ಯಭಟನ ಗ್ರಂಥದ ಕಾಲ ಕ್ರಿ.ಶ. 499. ಅವನ ನಂತರದ ಹಲವು ಜ್ಯೋತಿಷಿಗಳು ಅದನ್ನು ಒಪ್ಪಲಿಲ್ಲವೆಂಬುದೂ ಅಷ್ಟೇ ನಿಜ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರು ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆಯೆಂದೂ, ದೂರದ ನಕ್ಷತ್ರಮಂಡಲಗಳು ಒಂದರಿಂದೊಂದು ದೂರ ಸರಿಯುತ್ತಿವೆಯೆಂದೂ, ಅಚಲವೆಂಬುದಕ್ಕೆ ಪರ್ಯಾಯವೇ ಆದ ಹಿಮಾಲಯವು ಉತ್ತರಕ್ಕೆ ಸರಿದುಬಂದ ಭೂಖಂಡದ ಒತ್ತಡದಿಂದ ಎದ್ದುದೆಂದೂ ಇಂದಿನ ವಿಜ್ಞಾನ ಅಳೆದು ಹೇಳುತ್ತದೆ. ಶಬ್ದಕ್ಕೆ ಇಂಥ ಅಳತೆಯ ಸಾಕ್ಷಿ ಬೇಕಾಗಿಲ್ಲ. ಅದು ಹೇಳುವುದು ವೇಗವನ್ನಲ್ಲ, ಉಳಿಯದಿರುವುದನ್ನು.

ಇಲ್ಲೊಂದು ಚಿಕ್ಕ ಮಾತು. ಹನ್ನೆರಡು ಅಕ್ಷರಗಳ ನಾಲ್ಕು ಪಾದಗಳುಳ್ಳ ವೇದದ ಛಂದಸ್ಸಿಗೂ ಜಗತೀ ಎಂದೇ ಹೆಸರು. ಅತಿ ದೂರ ಹೋದ ಛಂದಸ್ಸೆಂದು ಯಾಸ್ಕನ ವಿವರಣೆ. ಛಾಂದೋಗ್ಯವು ಮನುಷ್ಯನ ಬಾಳನ್ನು ಒಂದು ಯಜ್ಞವೆಂದು ಬಗೆದು ಮೊದಲ 24 ವರ್ಷಗಳನ್ನು ಗಾಯತ್ರಿಗೂ, ನಂತರದ 44 ವರ್ಷಗಳನ್ನು ತ್ರಿಷ್ಟುಪ್ಪಿಗೂ, ಕೊನೆಯ 48 ವರ್ಷಗಳನ್ನು ಜಗತಿಗೂ ಹಂಚಿದೆ. ಹೀಗೆ 116 ವರ್ಷ ಬಾಳಿದ ಮಹಿದಾಸ ಐತರೇಯನ ಹೆಸರನ್ನೂ ಅಲ್ಲಿಯೇ ಹೇಳಿದೆ. ನಿವೃತ್ತಿವೇತನ ಪಡೆಯುವವರ ವಯಸ್ಸಿಗೆ ‘ಚಲಿಸುವುದು’ ಎಂಬ ಹೆಸರನ್ನಿಟ್ಟ ಆ ಋಷಿಯ ಧೈರ್ಯ ಮೆಚ್ಚತಕ್ಕದ್ದು.

ಕನ್ನಡವು ಈ ಶಬ್ದವನ್ನು ಎರಡು ರೀತಿಯಲ್ಲಿ ತನ್ನದಾಗಿಸಿಕೊಂಡಿತು. ಕೊನೆಯ ವ್ಯಂಜನವನ್ನು ಬಿಟ್ಟು ‘ಜಗ’ ಎಂದಿತು. ಬಿಡಲೊಲ್ಲದೆ ಅದನ್ನೇ ಇಮ್ಮಡಿಸಿ ಉಕಾರವನ್ನು ಕೊಟ್ಟು ‘ಜಗತ್ತು’ ಎಂದಿತು. ಸಂಪತ್ತು, ವಿಪತ್ತು, ವಿದ್ಯುತ್ತುಗಳೂ ಹೀಗೆಯೇ ಸ್ವರಾಂತವಾಗಿ ಮನೆಯೊಳಗೆ ಬಂದವು. ಹಾಡಿನಲ್ಲಿ ಜಗ, ಶಾಸ್ತ್ರದಲ್ಲಿ ಜಗತ್ತು. ಶಿಲ್ಪಿಗಳ ಪರಿಭಾಷೆಯಲ್ಲಿ ಜಗತಿಯೆಂದರೆ ದೇವಾಲಯದ ಎತ್ತರದ ಪೀಠ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವನ ಗುಡಿ ಅಂಥದೊಂದು ನಕ್ಷತ್ರಾಕಾರದ ಜಗತಿಯ ಮೇಲೆ ನಿಂತಿದೆ. ಒಂಬತ್ತು ಶತಮಾನ ಕದಲದೆ ಕಲ್ಲಿನ ಭಾರವನ್ನು ಹೊತ್ತಿರುವ ಕಟ್ಟೆಗೆ, ಹೋಗುತ್ತಲೇ ಇರುವುದೆಂಬ ಅರ್ಥದ ಹೆಸರು!

ಆದರೆ ಕನ್ನಡ ನಾಡು ಈ ಧಾತುವಿಗೆ ಕೊಟ್ಟ ಅತಿ ದೊಡ್ಡ ಗೌರವ ಇದಲ್ಲ. ಅದೇ ‘ಗಮ್’ ಇನ್ನೊಂದು ಬಗೆಯಲ್ಲಿ ಇಮ್ಮಡಿಯಾಗಿ ‘ಜಂಗಮ’ವಾಗುತ್ತದೆ. ಜಗತ್ತು ಮತ್ತು ಜಂಗಮ ಒಂದೇ ತಾಯಿಯ ಮಕ್ಕಳು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಸ್ಥಾವರ ಜಂಗಮಗಳನ್ನು ಎದುರುಬದುರಾಗಿ ನಿಲ್ಲಿಸಿ, ಉಳ್ಳವರು ಕಟ್ಟಿಸಿದ ಗುಡಿಗಿಂತ ನಡೆದಾಡುವ ದೇಹವನ್ನೇ ದೇಗುಲವೆಂದು ಬಗೆದು, ಅಳಿವೆಂಬುದು ಸ್ಥಾವರದ ಪಾಲು, ಜಂಗಮದ್ದಲ್ಲವೆಂದು ಸಾರಿದರು. ಲೋಕಾನುಭವಕ್ಕೆ ಇದು ತಲೆಕೆಳಗಾದ ಮಾತು. ಕಲ್ಲು ಉಳಿಯುತ್ತದೆ, ನಡೆದಾಡುವವನು ಸಾಯುತ್ತಾನೆ ಎಂಬುದೇ ಎಲ್ಲರೂ ಕಂಡದ್ದು. ಚಲನೆಯನ್ನು ಅಳಿವಿನ ಗುರುತೆಂದು ತಿಳಿದಿದ್ದ ಭಾಷೆಯಲ್ಲಿ ಅದನ್ನೇ ಅಳಿವಿಲ್ಲದುದರ ಗುರುತಾಗಿ ಮಾಡಿದ ಸಾಹಸ ಅದು. ಇಂದು ಮರಾಠಿಯ ಕಾಗದಪತ್ರಗಳಲ್ಲಿ ಸ್ಥಾವರ ಜಂಗಮಗಳೆಂದರೆ ಆಸ್ತಿಯ ಎರಡು ಬಗೆಗಳು. ಮುಂಬಯಿಯಲ್ಲಿ ಎರಡು ಕೋಣೆಯ ಸ್ಥಾವರವೊಂದನ್ನು ಸಂಪಾದಿಸುವುದರಲ್ಲಿ ಜಂಗಮನಾದವನ ಆಯುಷ್ಯವೇ ತೀರಿಹೋಗುವುದನ್ನು ಕಂಡಿದ್ದರೆ ಬಸವಣ್ಣನವರು ಇನ್ನೇನು ಹೇಳುತ್ತಿದ್ದರೋ!

ಇನ್ನು ಆ ಕಠಿಣವಾದ ಪ್ರಶ್ನೆ. ಜಗತ್ತೆಂದರೆ ಉಳಿಯದಿರುವುದು ಎಂದಾದರೆ, ಉಳಿಯದುದರ ವಿಷಯದಲ್ಲಿ ಮನುಷ್ಯನಿಗೆ ಹೊಣೆಯೇನು? ನಾಲ್ಕು ದಿನದ ಸಂತೆ, ಯಾರಿಗೆ ಯಾರೋ ಎಂದು ಕೈತೊಳೆದುಕೊಳ್ಳುವವರಿಗೆ ಈ ವ್ಯುತ್ಪತ್ತಿ ಒಳ್ಳೆಯ ನೆಪವಾಗುತ್ತದೆ. ವಲಸೆ ಬಂದವರ ಬಾಳಿನಲ್ಲಿ ಈ ನೆಪಕ್ಕೆ ಇನ್ನೊಂದು ರೂಪವುಂಟು. ಇರುವ ನಗರ ತಮ್ಮದಲ್ಲ, ಇಂದಲ್ಲ ನಾಳೆ ಊರಿಗೆ ಮರಳುವವರು ತಾವು ಎಂದುಕೊಳ್ಳುತ್ತ ಮೂವತ್ತು ನಲವತ್ತು ವರ್ಷಗಳನ್ನು ನಿಲ್ದಾಣದ ತಂಗುಕೋಣೆಯಲ್ಲಿರುವಂತೆ ಕಳೆದವರುಂಟು. ಅಕ್ಕಪಕ್ಕದವರ ಭಾಷೆಯನ್ನು ಅವರು ಕಲಿಯುವುದಿಲ್ಲ, ಬೀದಿಯ ಕಷ್ಟಸುಖ ಅವರಿಗೆ ತಟ್ಟುವುದಿಲ್ಲ. ಅತ್ತ ಊರಾದರೋ ಇವರಿಗಾಗಿ ಕಾಯುತ್ತ ನಿಂತಿರುವುದಿಲ್ಲ. ತೋಟ ಮಾರಾಟವಾಗುತ್ತದೆ, ಬಾವಿ ಬತ್ತುತ್ತದೆ, ಗುರುತಿಸುವ ಮುಖಗಳು ಇಲ್ಲವಾಗುತ್ತವೆ. ಊರೂ ಜಗತ್ತಿನೊಳಗಿನದೇ ಅಲ್ಲವೆ? ನಿಂತಿದೆಯೆಂದು ನಂಬಿದ್ದು ಚಲಿಸಿದೆ; ಚಲಿಸುವುದೆಂದು ಕಡೆಗಣಿಸಿದ್ದರಲ್ಲಿಯೇ ಬಾಳು ಕಳೆದಿದೆ.

ಜಗತ್ತು ಮಿಥ್ಯೆಯೆಂದ ಶಂಕರಾಚಾರ್ಯರನ್ನು ಈ ನೆಪಕ್ಕೆ ಸಾಕ್ಷಿಯಾಗಿ ಕರೆಯುವುದು ವಾಡಿಕೆ. ಅದು ಅವರಿಗೆ ಮಾಡುವ ಅನ್ಯಾಯ. ಮಿಥ್ಯೆಯೆಂದರೆ ಮೊಲದ ಕೊಂಬಿನಂತೆ ಇಲ್ಲವೇ ಇಲ್ಲವೆಂದು ಅದ್ವೈತಿಗಳು ಎಂದೂ ಹೇಳಿಲ್ಲ. ಬ್ರಹ್ಮಜ್ಞಾನ ಉಂಟಾಗುವವರೆಗೆ ವ್ಯವಹಾರವೂ ಅದರ ಧರ್ಮಾಧರ್ಮಗಳೂ ಹಾಗೆಯೇ ನಿಲ್ಲುತ್ತವೆ. ಜಗತ್ತು ಪರಮಾತ್ಮನ ಶರೀರವೆಂದು ರಾಮಾನುಜರು, ಪೂರ್ಣವಾಗಿ ಸತ್ಯವೆಂದು ಮಧ್ವರು ವಾದಿಸಿದರು. ಮೂವರೂ ಒಪ್ಪಿದ ಮಾತೊಂದುಂಟು: ಜಗತ್ತು ಸ್ವತಂತ್ರವಲ್ಲ, ಇನ್ನೊಂದನ್ನು ಆಶ್ರಯಿಸಿದ್ದು. ಅವರ ವಿವಾದಗಳನ್ನು ಇಲ್ಲಿ ಬಿಡಿಸುವ ಅಗತ್ಯವಿಲ್ಲ. ಶಬ್ದವನ್ನು ಮಾತ್ರ ಕೇಳಿದರೆ ಅದು ಸುಳ್ಳೆಂದು ಹೇಳುವುದಿಲ್ಲ. ಹೋಗುತ್ತದೆ ಎಂದಷ್ಟೇ ಹೇಳುತ್ತದೆ. ಹೋಗುವುದೆಲ್ಲ ಸುಳ್ಳೆಂಬುದು ಕೇಳುವವನು ಸೇರಿಸಿಕೊಂಡ ಮಾತು. ಮನೆಗೆ ಬಂದ ಅತಿಥಿ ನಾಳೆ ಹೋಗುವನೆಂದು ಗೊತ್ತಿದ್ದರೆ ಯಾರೂ ಅವನನ್ನು ಸುಳ್ಳೆನ್ನುವುದಿಲ್ಲ. ಇಂದಿನ ಅಡುಗೆಯನ್ನು ಇನ್ನಷ್ಟು ಎಚ್ಚರದಿಂದ ಮಾಡುತ್ತಾರೆ.

ಈಶಾವಾಸ್ಯೋಪನಿಷತ್ತಿನ ಮೊದಲ ಮಂತ್ರ ಈ ಜಿಜ್ಞಾಸೆಯ ಮರ್ಮವನ್ನು ಮುಟ್ಟುತ್ತದೆ. ಅಲ್ಲಿ ಈ ಶಬ್ದವು ಜಗತೀ ಎಂದು ಒಮ್ಮೆ, ಜಗತ್ ಎಂದು ಮತ್ತೊಮ್ಮೆ ಬೆನ್ನುಬೆನ್ನಿಗೆ ಬರುತ್ತದೆ. ಚಲಿಸುವುದರೊಳಗೆ ಚಲಿಸುವುದೇನುಂಟೋ ಅದೆಲ್ಲ ಎಂಬ ಅಭಿಪ್ರಾಯ. ಅದೆಲ್ಲವನ್ನೂ ಈಶನಿಂದ ತುಂಬಿದ್ದೆಂದು ಕಾಣಬೇಕೆಂದ ಮೇಲೆ ಋಷಿಯು ಮುಂದಕ್ಕೆ ಏನನ್ನು ಹೇಳಬಹುದಿತ್ತು? ಆದ್ದರಿಂದ ಇದು ಹುಸಿ, ಇದನ್ನು ಬಿಟ್ಟು ಓಡು ಎನ್ನಬಹುದಿತ್ತು. ಹಾಗೆನ್ನಲಿಲ್ಲ. ಬಿಟ್ಟುಕೊಟ್ಟು ಅನುಭವಿಸು, ಯಾರ ಸಂಪತ್ತಿಗೂ ಆಸೆಪಡಬೇಡ ಎಂದ. ಎರಡನೆಯ ಮಂತ್ರದಲ್ಲಂತೂ ಕರ್ಮಗಳನ್ನು ಮಾಡುತ್ತಲೇ ನೂರು ವರ್ಷ ಬಾಳಲು ಬಯಸಬೇಕೆಂದ. ಜಗತ್ತಿನ ಚಂಚಲತೆಯಿಂದ ಅವನು ಹೊರಡಿಸಿದ ಮೊದಲ ತೀರ್ಮಾನ ತಿರಸ್ಕಾರವಲ್ಲ, ದುರಾಸೆಯ ನಿಷೇಧ. ಕೂಡಿಡುವುದು ಏಕೆ ಅಧರ್ಮವೆಂದರೆ ಹರಿಯುವುದಕ್ಕೆ ಕಟ್ಟೆ ಹಾಕಿ ತನ್ನದೆನ್ನುವುದರಿಂದ. 1936ರ ನವೆಂಬರಿನಲ್ಲಿ ತಿರುವಾಂಕೂರಿನ ದೇವಾಲಯಗಳು ದಲಿತರಿಗೆ ತೆರೆದುಕೊಂಡ ಮೇಲೆ, 1937ರ ಜನವರಿಯಲ್ಲಿ ಅಲ್ಲಿ ಸಂಚರಿಸಿದ ಗಾಂಧೀಜಿ ಸಭೆಯಿಂದ ಸಭೆಗೆ ಈ ಮಂತ್ರವನ್ನೇ ವಿವರಿಸಿದರು. ಉಳಿದ ಶಾಸ್ತ್ರಗಳೆಲ್ಲ ಬೂದಿಯಾಗಿ ಇದೊಂದು ಉಳಿದರೂ ಹಿಂದೂಧರ್ಮ ಉಳಿಯುವುದೆಂಬುದು ಅವರ ಅಭಿಪ್ರಾಯವಾಗಿತ್ತು. ಗುಡಿಯ ಬಾಗಿಲನ್ನು ತನ್ನ ಸ್ವತ್ತೆಂದು ಮುಚ್ಚಿಕೊಂಡು ನಿಂತವರ ನಾಡಿನಲ್ಲಿ ಆ ಮಂತ್ರದ ಉತ್ತರಾರ್ಧಕ್ಕೆ ಬೇರೆ ಭಾಷ್ಯ ಬೇಕಿರಲಿಲ್ಲ.

ದಸರೆಯ ಆಚರಣೆಯೊಳಗೇ ಈ ಶಬ್ದದ ನೆರಳು ಅಲ್ಲಲ್ಲಿ ಬಿದ್ದಿದೆ. ಗೊಂಬೆಗಳ ಮೆಟ್ಟಿಲುಗಳ ಮೇಲೆ ದಶಾವತಾರ, ಮದುವೆಯ ದಿಬ್ಬಣ, ಸಂತೆ, ಸೈನ್ಯ ಎಲ್ಲವನ್ನೂ ಜೋಡಿಸಿ ಒಂದು ಕಿರಿಯ ಜಗತ್ತನ್ನು ನಿಲ್ಲಿಸುತ್ತಾರೆ. ಹಬ್ಬ ಮುಗಿದೊಡನೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸುತ್ತಾರೆ. ಆಯುಧಪೂಜೆಯಂದು ವರ್ಷವಿಡೀ ಚಲಿಸುವ ಚಕ್ರಗಳನ್ನು ನಿಲ್ಲಿಸಿ ಕುಂಕುಮ ಹಚ್ಚುತ್ತಾರೆ. ಮರುದಿನ ಸೀಮೋಲ್ಲಂಘನ, ಎಲ್ಲೆಯನ್ನು ದಾಟುವ ದಿನ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಉತ್ಸವದ ಪರಂಪರೆಯಲ್ಲಿ ಇಂದು ಮೈಸೂರಿನ ಅಂಬಾರಿಯ ಮೇಲೆ ಅರಸರಿಲ್ಲ. ಚಾಮುಂಡೇಶ್ವರಿಯೇ ಕುಳಿತು ಬನ್ನಿಮಂಟಪದವರೆಗೆ ಸಾಗುತ್ತಾಳೆ. ಅರಸೊತ್ತಿಗೆ ಹೋಯಿತು, ಮೆರವಣಿಗೆ ಉಳಿಯಿತು.

ಈ ಪ್ರಶ್ನೆಗೆ ಕಥೆಯ ರೂಪದಲ್ಲಿ ಉತ್ತರಿಸಿದ ಗ್ರಂಥವೂ ನವರಾತ್ರಿಯದೇ. ಮಾರ್ಕಂಡೇಯ ಪುರಾಣದ ಹದಿಮೂರು ಅಧ್ಯಾಯಗಳ ದೇವೀಮಾಹಾತ್ಮ್ಯೆಯನ್ನು ಮನೆಮನೆಗಳಲ್ಲಿ ಪಾರಾಯಣ ಮಾಡುತ್ತಾರೆ; ಉತ್ತರ ಕರ್ನಾಟಕದ ಊರುಗಳಲ್ಲಿ ಚಿದಾನಂದಾವಧೂತರ ಕನ್ನಡ ಷಟ್ಪದಿಯಲ್ಲಿ ಅದನ್ನು ಕೇಳುತ್ತಾರೆ. ಮಹಿಷಾಸುರನ ವಧೆ ಎಲ್ಲರಿಗೂ ನೆನಪಿರುತ್ತದೆ. ಆದರೆ ಗ್ರಂಥ ಆರಂಭವಾಗುವುದು ಯುದ್ಧದಿಂದಲ್ಲ, ನೆಲೆ ತಪ್ಪಿದ ಇಬ್ಬರಿಂದ. ಸುರಥನೆಂಬ ಅರಸ ರಾಜ್ಯ ಕಳೆದುಕೊಂಡು ಬೇಟೆಯ ನೆಪದಲ್ಲಿ ಒಬ್ಬನೇ ಕುದುರೆಯೇರಿ ಕಾಡು ಸೇರಿದ್ದಾನೆ. ಸಮಾಧಿಯೆಂಬ ವೈಶ್ಯನನ್ನು ಹಣದಾಸೆಯಿಂದ ಹೆಂಡತಿ ಮಕ್ಕಳೇ ಹೊರಗೆ ಹಾಕಿದ್ದಾರೆ. ಮೇಧಸ್ ಮುನಿಯ ಆಶ್ರಮದಲ್ಲಿ ಇಬ್ಬರೂ ಭೇಟಿಯಾಗುತ್ತಾರೆ. ಅರಸನಿಗೆ ತನ್ನ ಪಟ್ಟದಾನೆಯ ಚಿಂತೆ. ತಾನು ಕಷ್ಟಪಟ್ಟು ಕೂಡಿಸಿದ ಬೊಕ್ಕಸವನ್ನು ದುಂದುಗಾರರು ಬರಿದುಮಾಡುತ್ತಿರುವರೆಂಬ ಚಿಂತೆ. ವೈಶ್ಯನಿಗೆ ತನ್ನನ್ನು ದೂಡಿದ ಮಕ್ಕಳೇ ಕ್ಷೇಮವಾಗಿರುವರೋ ಇಲ್ಲವೋ ಎಂಬ ಚಿಂತೆ. ಹೋದದ್ದು ಹೋಯಿತೆಂದು ತಿಳಿದೂ ಮನಸ್ಸೇಕೆ ಅಲ್ಲಿಯೇ ಸುಳಿಯುತ್ತಿದೆಯೆಂದು ಇಬ್ಬರೂ ಮುನಿಯನ್ನು ಕೇಳುತ್ತಾರೆ.

ಮುನಿಯು ಇಬ್ಬರನ್ನೂ ಗದರಿಸುವುದಿಲ್ಲ. ಹಸಿದ ಹಕ್ಕಿ ತನ್ನ ಹಸಿವನ್ನು ಮರೆತು ಮರಿಯ ಕೊಕ್ಕಿಗೆ ಕಾಳನ್ನಿಡುವುದನ್ನು ತೋರಿಸುತ್ತಾನೆ. ಈ ಮಮತೆ ಮಹಾಮಾಯೆಯದು ಎನ್ನುತ್ತಾನೆ. ಅವಳಾರು, ಎಲ್ಲಿ ಹುಟ್ಟಿದಳು ಎಂದು ಅರಸ ಕೇಳಿದಾಗ ಕೊಡುವ ಉತ್ತರದಲ್ಲಿ ಎರಡು ಶಬ್ದಗಳು ಒಂದರ ಪಕ್ಕದಲ್ಲೊಂದು ಬರುತ್ತವೆ. ಅವಳು ನಿತ್ಯಳು, ಅವಳು ಜಗನ್ಮೂರ್ತಿ. ಎಂದೂ ಹೋಗದವಳ ದೇಹವೇ ಹೋಗುತ್ತಲೇ ಇರುವುದು. ಜಗದಂಬೆಯೆಂದು ಕರೆಯುವವರು ತಿಳಿದೋ ತಿಳಿಯದೆಯೋ ಕರೆಯುವುದು ಈ ವಿರೋಧವನ್ನೇ.

ಕಥೆ ಕೇಳಿದ ಇಬ್ಬರೂ ನದಿಯ ಮರಳದಂಡೆಗೆ ಹೋಗಿ ಮಣ್ಣಿನಿಂದ ದೇವಿಯ ಮೂರ್ತಿಯನ್ನು ಮಾಡಿ ಪೂಜಿಸುತ್ತಾರೆ. ಕಲ್ಲಿನದಲ್ಲ, ಲೋಹದ್ದಲ್ಲ, ಒಂದು ಪ್ರವಾಹಕ್ಕೆ ಕರಗಿಹೋಗುವ ಮಣ್ಣು. ಮೂರು ವರ್ಷಗಳ ಮೇಲೆ ಅವಳು ಪ್ರತ್ಯಕ್ಷಳಾದಾಗ ಅರಸ ಕೇಳಿದ್ದು ಕಳೆದುಹೋದ ರಾಜ್ಯವನ್ನು, ಮುಂದಿನ ಜನ್ಮದಲ್ಲಿ ಕೈಬಿಡದ ರಾಜ್ಯವನ್ನು. ವೈಶ್ಯ ಕೇಳಿದ್ದು ನಾನು ನನ್ನದೆಂಬುದನ್ನು ಕಳೆಯುವ ಜ್ಞಾನವನ್ನು. ಪಾರಾಯಣ ಮಾಡುವವರಲ್ಲಿ ಕೆಲವರು ಅರಸನ ಕೋರಿಕೆಯನ್ನು ಕೀಳೆಂದೂ ವೈಶ್ಯನದನ್ನು ಮೇಲೆಂದೂ ವ್ಯಾಖ್ಯಾನಿಸುವುದುಂಟು. ದೇವಿಯು ಹಾಗೆ ಹೇಳಲಿಲ್ಲ. ಕೆಲವೇ ದಿನಗಳಲ್ಲಿ ಶತ್ರುಗಳನ್ನು ಗೆದ್ದು ನಿನ್ನ ರಾಜ್ಯವನ್ನು ಪಡೆಯುವೆಯೆಂದು ಇವನಿಗೆ, ನಿನಗೆ ಜ್ಞಾನವಾಗಲೆಂದು ಅವನಿಗೆ ಅನುಗ್ರಹಿಸಿ ಮರೆಯಾದಳು. ಸುರಥನು ಮುಂದೆ ಸೂರ್ಯನಿಂದ ಜನ್ಮ ತಳೆದು ಸಾವರ್ಣಿಯೆಂಬ ಮನುವಾಗುವನೆಂಬ ಮಾತಿನೊಂದಿಗೆ ಗ್ರಂಥ ಮುಗಿಯುತ್ತದೆ. ವೈಶ್ಯನು ಆ ಮೇಲೆ ಕಾಡಿನಲ್ಲಿಯೇ ಉಳಿದನೋ, ಮಕ್ಕಳಿರುವ ಮನೆಗೆ ಮರಳಿದನೋ, ಪುರಾಣ ಹೇಳುವುದಿಲ್ಲ.